ಬಣ್ಣ ಕೆಡಿಸುವುದು ವೈಪರ್ ಲಿಕ್ವಿಡ್ ಅಲ್ಲ, ಬೋರ್‌ವೆಲ್ ನೀರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಬೀದಿಗಳಲ್ಲಿ ನಿಂತಿರುವ ಕಪ್ಪು, ಕಡುನೀಲಿ ಅಥವಾ ಕಡುಗೆಂಪು ಕಾರುಗಳ ಬಾನೆಟ್ಟನ್ನು ಬಿಸಿಲಿಗೆ ಓರೆಯಾಗಿ ನೋಡಿದರೆ, ಮುಂದಿನ ಗಾಜಿನ ಬುಡದಲ್ಲಿ ಬಿಳಿ ಚುಕ್ಕೆಗಳು ಸಾಲುಗಟ್ಟಿರುವುದು ಎಷ್ಟೋ ಸಲ ಕಾಣುತ್ತದೆ. ಸ್ಟೀರಿಂಗ್ ಪಕ್ಕದ ಲಿವರ್ ಎಳೆದಾಗ ಗಾಜಿನ ಮೇಲೆ ಚಿಮ್ಮುವ ನೀರು ಗಾಳಿಗೆ ಹಾರಿ ಬೀಳುವ ಜಾಗ ಅದೇ. ಹಾಗಾಗಿ ತಪ್ಪು ಯಾರದೆಂದು ಹುಡುಕುವಾಗ ಬೆರಳು ಸೀದಾ ವೈಪರ್ ಟ್ಯಾಂಕಿಗೆ ಹಾಕುವ ಬಣ್ಣದ ದ್ರವದತ್ತ ಹೋಗುತ್ತದೆ. ಅದರಲ್ಲಿ ಸ್ಪಿರಿಟ್ ಇದೆ, ಸ್ಪಿರಿಟ್ ಪೇಂಟ್ ತಿನ್ನುತ್ತದೆ ಎಂಬುದು ವಾದ. ಈ ಭಯಕ್ಕೆ ಕೆಲವರು ಲಿಕ್ವಿಡ್ ಬಿಟ್ಟು ಬರೀ ನಲ್ಲಿ ನೀರು ತುಂಬಿಸುತ್ತಾರೆ, ಕೆಲವರು ನೀರು ಚಿಮ್ಮಿಸುವುದನ್ನೇ ಬಿಡುತ್ತಾರೆ. ಸಾಕ್ಷಿಗಳನ್ನು ಒಂದೊಂದಾಗಿ ನೋಡಿದರೆ ಮಾತ್ರ ತೀರ್ಮಾನ ಉಲ್ಟಾ ಆಗುತ್ತದೆ. ಬಾಟಲಿಯಲ್ಲಿರುವ ದ್ರವದ ಪಾಲು ಇದರಲ್ಲಿ ತೀರಾ ಕಡಿಮೆ, ಅದಕ್ಕೆ ಬೆರೆಸುವ ನಮ್ಮ ನೀರಿನ ಪಾಲೇ ದೊಡ್ಡದು.

ಮೊದಲು ಬಾಟಲಿಯ ವಿಚಾರ. ವೈಪರ್ ಲಿಕ್ವಿಡ್‌ನಲ್ಲಿ ಇರುವುದು ನೀರು, ಒಂದಿಷ್ಟು ಆಲ್ಕೋಹಾಲ್, ಕೊಳೆ ಬಿಡಿಸಲು ಸ್ವಲ್ಪ ಸೋಪಿನಂಥ ವಸ್ತು, ಗುರುತಿಗೆ ಬಣ್ಣ. ಹಿಮ ಬೀಳುವ ದೇಶಗಳಲ್ಲಿ ಟ್ಯಾಂಕಿಯ ನೀರು ಹೆಪ್ಪುಗಟ್ಟಬಾರದು ಎಂದು ಆಲ್ಕೋಹಾಲನ್ನು ಧಾರಾಳವಾಗಿ ಹಾಕುತ್ತಾರೆ. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ಮೆಥನಾಲ್‌ಗೆ ಯುರೋಪಿನ ಒಕ್ಕೂಟ 2019ರ ಮೇ ತಿಂಗಳಿಂದ ಕಡಿವಾಣ ಹಾಕಿದೆ. ಜನಸಾಮಾನ್ಯರಿಗೆ ಮಾರುವ ವೈಪರ್ ದ್ರವದಲ್ಲಿ ಅದು ತೂಕದ ಲೆಕ್ಕದಲ್ಲಿ ಶೇ 0.6ಕ್ಕಿಂತ ಕಡಿಮೆ ಇರಬೇಕು. ಗಮನಿಸಬೇಕಾದ್ದೆಂದರೆ, ಈ ಕಡಿವಾಣಕ್ಕೆ ಕಾರಣ ಕಾರಿನ ಬಣ್ಣವಲ್ಲ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ ಎಂಬುದು ಕಾರಣ. ನಮ್ಮಲ್ಲಿ ನಂದಿ ಬೆಟ್ಟದ ನೆತ್ತಿಯ ಮೇಲೂ ಡಿಸೆಂಬರ್ ಚಳಿಗೆ ಟ್ಯಾಂಕಿಯ ನೀರು ಗಡ್ಡೆ ಕಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಅಷ್ಟು ಆಲ್ಕೋಹಾಲ್ ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಬಹುಪಾಲು ಸರಕು ಗಟ್ಟಿ ದ್ರವ. ಚಿಕ್ಕ ಬಾಟಲಿ ಕೊಂಡು, ಮುಚ್ಚಳದಷ್ಟು ಸುರಿದು, ಉಳಿದ ಟ್ಯಾಂಕಿಯನ್ನು ಮನೆಯ ನೀರಿನಿಂದ ತುಂಬಿಸಬೇಕು. ಗಾಜಿನ ಮೇಲೆ ಚಿಮ್ಮುವುದರಲ್ಲಿ ಕಂಪನಿಯ ಪದಾರ್ಥ ಎಳ್ಳಷ್ಟು, ಮಿಕ್ಕಿದ್ದೆಲ್ಲ ಊರಿನ ನೀರು.

ಆ ಎಳ್ಳಷ್ಟು ಆಲ್ಕೋಹಾಲ್ ಬಣ್ಣವನ್ನು ಕರಗಿಸಬಲ್ಲದೇ? ಕಾರ್ಖಾನೆಯಿಂದ ಬಂದ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಹೀಗೆ ಒಂದರ ಮೇಲೊಂದು ಪದರಗಳಿರುತ್ತವೆ. ಎಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 140 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 40 ಮೈಕ್ರಾನ್‌ನ ಆಚೀಚೆ. ಇದನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಬೆಂದಾಗ ಅದರ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಜಾಲವಾಗುತ್ತವೆ. ಹಾಗೆ ಹೆಣೆದುಕೊಂಡ ಜಾಲವನ್ನು ತೆಳು ಆಲ್ಕೋಹಾಲ್ ಬಿಚ್ಚಲಾರದು. ಪಾಲಿಶ್ ಮಾಡುವವರು ಬಾನೆಟ್ಟಿನ ಜಿಡ್ಡು ತೆಗೆಯಲು ವೈಪರ್ ದ್ರವಕ್ಕಿಂತ ಎಷ್ಟೋ ಪಾಲು ಗಡುಸಾದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸುತ್ತಾರೆ, ಬಣ್ಣ ಕದಲುವುದಿಲ್ಲ. ಆಲ್ಕೋಹಾಲ್ ಒಯ್ಯುವುದು ಮೇಲೆ ಬಳಿದ ವ್ಯಾಕ್ಸನ್ನು, ಅದೂ ಸ್ವಲ್ಪಸ್ವಲ್ಪವಾಗಿ.

ಹಾಗಾದರೆ ಲಿಕ್ವಿಡ್ ತಾಗಿ ಬಣ್ಣ ಎದ್ದದ್ದನ್ನು ಕಣ್ಣಾರೆ ಕಂಡೆವು ಎನ್ನುವವರ ಮಾತು ಸುಳ್ಳೇ? ಎಲ್ಲವೂ ಸುಳ್ಳಲ್ಲ. ಗುದ್ದಿದ ಬಾನೆಟ್ಟನ್ನು ಊರಿನ ಡೆಂಟಿಂಗ್ ಪೇಂಟಿಂಗ್ ಶೆಡ್ಡಿನಲ್ಲಿ ಸರಿಪಡಿಸುವಾಗ ಅಗ್ಗಕ್ಕೆ ಹಳೆಯ ಕಾಲದ ಡ್ಯೂಕೋ ಹೊಡೆಸಿದ್ದರೆ, ಅದು ಬೆಂದು ಗಟ್ಟಿಯಾದ ಬಣ್ಣವಲ್ಲ, ಥಿನ್ನರ್ ಆರಿ ಉಳಿದ ಪೊರೆ ಅಷ್ಟೇ. ಅಂಥ ಪೊರೆಯನ್ನು ಗಡುಸು ಆಲ್ಕೋಹಾಲ್ ಮೆತ್ತಗೆ ಮಾಡಬಲ್ಲದು. ಒಳ್ಳೆಯ ಎರಡು-ಪಾಕದ ಪೇಂಟ್ ಹೊಡೆಸಿದರೂ ಒಳಗಿನವರೆಗೆ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ, ಅಷ್ಟು ದಿನ ಯಾವ ರಾಸಾಯನಿಕವೂ ಬೀಳದ ಹಾಗೆ ನೋಡಿಕೊಳ್ಳುವುದು ಮೇಲು. ಇನ್ನೊಂದು ಗೊಂದಲ ಬಾನೆಟ್ಟಿನ ಕೆಳಗೆ ಹುಟ್ಟುತ್ತದೆ. ವೈಪರ್ ಟ್ಯಾಂಕಿಯ ಮುಚ್ಚಳ, ಕೂಲೆಂಟ್ ಡಬ್ಬಿ, ಬ್ರೇಕ್ ಆಯಿಲ್ ಡಬ್ಬಿ ಮೂರೂ ಅಲ್ಲೇ ಇರುತ್ತವೆ. ಈ ಪೈಕಿ ಬ್ರೇಕ್ ಆಯಿಲ್ ನಿಜಕ್ಕೂ ಬಣ್ಣದ ಶತ್ರು. ಅದರಲ್ಲಿರುವ ಗ್ಲೈಕಾಲ್ ಈಥರ್ ತೊಟ್ಟಿಕ್ಕಿದ ಕಡೆ ಪೇಂಟು ಉಬ್ಬಿ, ಸುಕ್ಕಾಗಿ, ಸಿಪ್ಪೆಯಂತೆ ಏಳುತ್ತದೆ. ಸರ್ವೀಸ್ ಮಾಡುವಾಗ ಅದು ಚೆಲ್ಲಿದ್ದರೂ ದೂರು ಕೊನೆಗೆ ನಾವೇ ತುಂಬಿಸಿದ, ನಮ್ಮ ಕಣ್ಣಿಗೆ ಬಿದ್ದ ವೈಪರ್ ಲಿಕ್ವಿಡ್ ಮೇಲೆ ಬರಬಹುದು. ಹಾನಿ ಎರಡರಲ್ಲೂ ಬೇರೆ ಬೇರೆ ರೂಪದ್ದು. ಬಣ್ಣ ಎದ್ದು ಬಂದಿದ್ದರೆ ಬ್ರೇಕ್ ಆಯಿಲನ್ನೋ ಕಳಪೆ ಪೇಂಟನ್ನೋ ಶಂಕಿಸಬೇಕು, ಬಣ್ಣದ ಮೇಲೆ ಬಿಳಿ ಉಂಗುರ ಕೂತಿದ್ದರೆ ನೀರನ್ನು.

ಈ ನೀರು ಎಂಥದು ಎಂಬುದನ್ನು ತಿಳಿಯಲು ನೆಲದ ಗುಣ ನೋಡಬೇಕು. ಉತ್ತರ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ಹುಟ್ಟುವ ಸೀಮೆ ಇದಾದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆ ಬದುಕುತ್ತಿರುವುದು ಹೆಚ್ಚಾಗಿ ಬೋರ್‌ವೆಲ್ ಮೇಲೆ. ಕೊಳವೆ ಸಾವಿರ ಅಡಿ ದಾಟಿದ ಮೇಲೆ ನೀರು ಕಾಣುವುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಕಗ್ಗಲ್ಲಿನ ಬಿರುಕುಗಳಲ್ಲಿ ಕಾಲಗಟ್ಟಲೆ ನಿಂತ ನೀರು ಕಲ್ಲಿನ ಸಾರವನ್ನೆಲ್ಲ ಹೀರಿಕೊಂಡಿರುತ್ತದೆ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಿಲಿಕಾ, ಜೊತೆಗೆ ಈ ಸೀಮೆಯ ಹಳೆಯ ಪಿಡುಗಾದ ಫ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಇಲ್ಲಿನ ಅನೇಕ ಬೋರ್‌ವೆಲ್‌ಗಳು ಮೊದಲ ಗೆರೆಯನ್ನು ದಾಟುತ್ತವೆ, ಕೆಲವು ಎರಡನೆಯದನ್ನೂ. ಮನೆಯ ವಾಟರ್ ಹೀಟರ್ ಕಾಯಿಲ್ ಹೊರತೆಗೆದು ನೋಡಿದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ. ಹೊಳೆಯುವ ಲೋಹದ ಸುರುಳಿಯ ಮೇಲೆ ಬೂದುಬಿಳುಪಿನ ಗಟ್ಟಿ ಹೊಟ್ಟು ಪದರ ಪದರವಾಗಿ ಕಟ್ಟಿಕೊಂಡು, ಉಗುರಿನಿಂದ ಕೆರೆದರೂ ಏಳದೆ, ಚಾಕುವಿನ ತುದಿಗೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ನೀರಲ್ಲಿ ಕರಗಿದ್ದ ಬೈಕಾರ್ಬೊನೇಟ್ ಬಿಸಿಗೆ ಒಡೆದು ಕರಗದ ಸುಣ್ಣವಾಗಿ ಕೂತಿರುವುದು ಅದು.

ಬಾನೆಟ್ಟಿನ ಮೇಲೆ ನಡೆಯುವುದೂ ಇದೇ ಕ್ರಿಯೆ. ಏಪ್ರಿಲ್ ಬಿಸಿಲಲ್ಲಿ ನಿಂತ ಕಡುಬಣ್ಣದ ಕಾರಿನ ತಗಡು 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ, ಕೆಳಗೆ ಎಂಜಿನ್ ಶಾಖ ಬೇರೆ. ಗಡಸುತನ 600 ಇರುವ ನೀರನ್ನು ಒಂದು ಸಲಕ್ಕೆ 50 ಮಿಲಿಲೀಟರ್ ಚಿಮ್ಮಿಸಿದರೆ, ಆರಿದ ಮೇಲೆ ಸುಣ್ಣದ ಲೆಕ್ಕದಲ್ಲೇ 30 ಮಿಲಿಗ್ರಾಂ ಉಳಿಯುತ್ತದೆ. ಎರಡೂವರೆ ಲೀಟರಿನ ಒಂದು ಟ್ಯಾಂಕಿ ಮುಗಿಯುವಷ್ಟರಲ್ಲಿ ಒಂದೂವರೆ ಗ್ರಾಂ. ಹನಿ ಆರುತ್ತಾ ಬಂದಂತೆ ಅಂಚಿನಲ್ಲಿ ಲವಣ ಮಂದವಾಗುತ್ತದೆ, ಉಂಗುರ ಮೂಡುವುದು ಅದಕ್ಕೇ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಹೆಚ್ಚಿರುವ ಬೋರ್‌ವೆಲ್‌ಗಳೂ ಇವೆ, ಫ್ಲೋರೈಡ್ ಜಾಸ್ತಿ ಇರುವೆಡೆ ಸಾಮಾನ್ಯವಾಗಿ ಇದೇ ಬಗೆ. ಆ ನೀರು ಆರಿದಾಗ ಉಳಿಯುವುದು ಸೋಡಾ. ಅದು ತೊಳೆದರೆ ಹೋಗುತ್ತದೆ ನಿಜ, ಆದರೆ ತೊಳೆಯುವ ತನಕ ಕ್ಷಾರವಾಗಿ ಬಿಸಿ ಕ್ಲಿಯರ್ ಕೋಟ್ ಮೇಲೆ ಕೂತಿರುತ್ತದೆ. ಎರಡು ದಿನದ ಕಲೆ ಮೇಲ್ಮೈಯಲ್ಲೇ ಇರುತ್ತದೆ. ತಿಂಗಳುಗಟ್ಟಲೆ ಬಿಸಿಲು, ಇಬ್ಬನಿ, ಮತ್ತೆ ಬಿಸಿಲು ಎಂದು ಪದೇ ಪದೇ ನೆನೆದು ಆರಿದ ಕಲೆ ಕ್ಲಿಯರ್ ಕೋಟ್‌ನಲ್ಲಿ ಸಣ್ಣ ಗುಳಿಯನ್ನೇ ಬಿಡುತ್ತದೆ.

ಇಲ್ಲೊಂದು ನ್ಯಾಯವಾದ ಆಕ್ಷೇಪಣೆ ಇದೆ. ಅದೇ ಬೋರ್ ನೀರಲ್ಲಿ ಇಡೀ ಕಾರನ್ನೇ ತೊಳೆಯುತ್ತೇವಲ್ಲ, ವಾಟರ್ ಸರ್ವೀಸಿನವರು ನೂರಾರು ಲೀಟರ್ ಸುರಿಯುತ್ತಾರಲ್ಲ, ಟ್ಯಾಂಕಿಯ ಎರಡು ಲೀಟರ್ ಮಾತ್ರ ಹೇಗೆ ಕೆಡುಕು ಮಾಡೀತು? ಉತ್ತರ ನೀರಿನ ಅಳತೆಯಲ್ಲಿಲ್ಲ, ಅದು ಆರುವ ಬಗೆಯಲ್ಲಿದೆ. ತೊಳೆಯುವಾಗ ನೀರಿನ ಬಹುಪಾಲು ಲವಣದ ಸಮೇತ ನೆಲಕ್ಕೆ ಹರಿಯುತ್ತದೆ, ಉಳಿದ ಹನಿಯನ್ನು ಬಟ್ಟೆ ಹೀರುತ್ತದೆ. ವೈಪರ್ ನೀರು ಹಾಗಲ್ಲ. ಓಡುವ ಕಾರಿನ ಗಾಳಿಗೆ ಸಿಕ್ಕಿ ಸಣ್ಣ ಹನಿಯಾಗಿ, ಕಾದ ತಗಡಿನ ಮೇಲೆ ಬಿದ್ದಲ್ಲೇ ಆರುತ್ತದೆ, ಒರೆಸುವವರಿಲ್ಲ. ಒರೆಸದೆ ಬಿಸಿಲಲ್ಲಿ ಬಿಟ್ಟರೆ ತೊಳೆದ ಕಾರಿಗೂ ಇದೇ ಗತಿ. ಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಾರು ತೊಳೆಯುವ ರೂಢಿಯನ್ನೂ ಈ ಬೆಳಕಿನಲ್ಲೇ ನೋಡಬೇಕು. ನೀರು ಉಳಿಸುವ ಆಸೆ ಮೆಚ್ಚತಕ್ಕದ್ದೇ. ಆದರೆ ಶುದ್ಧ ನೀರನ್ನು ಅತ್ತ ಕಳಿಸಿ ಲವಣವನ್ನೆಲ್ಲ ಇತ್ತ ತಳ್ಳಿದ ನೀರದು, ಬೋರ್ ನೀರಿಗಿಂತಲೂ ಗಡುಸು. ಅದನ್ನು ಕಕ್ಕಸಿಗೋ ಅಂಗಳ ತೊಳೆಯಲೋ ಬಳಸಬಹುದು. ಕಾರಿಗೆ, ಅದಕ್ಕಿಂತಲೂ ವೈಪರ್ ಟ್ಯಾಂಕಿಗೆ, ಅದು ಸಲ್ಲದು.

ಲಿಕ್ವಿಡ್‌ಗೆ ಹಣ ಯಾಕೆ ಎಂದು ಶಾಂಪೂ ಪಾಕೆಟ್ಟನ್ನೋ ಚಿಟಿಕೆ ಬಟ್ಟೆ ಸೋಪಿನ ಪುಡಿಯನ್ನೋ ಹಾಕುವವರೂ ಇದ್ದಾರೆ. ಬಟ್ಟೆ ಸೋಪಿನ ಪುಡಿಯಲ್ಲಿ ವಾಷಿಂಗ್ ಸೋಡಾ ಇರುತ್ತದೆ. ಅದು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಟ್ಯಾಂಕಿಯೊಳಗೇ ಗಷ್ಟಾಗಿ ಇಳಿಯುತ್ತದೆ, ನೀರು ಚಿಮ್ಮುವ ತೂತು ಕಟ್ಟುತ್ತದೆ, ವ್ಯಾಕ್ಸನ್ನೂ ತೊಳೆದು ಹಾಕುತ್ತದೆ. ವ್ಯಾಕ್ಸ್ ಹೋದ ಬಣ್ಣದ ಮೇಲೆ ನೀರು ಉರುಳಿ ಹೋಗದೆ ಹರಡಿ ನಿಲ್ಲುತ್ತದೆ, ಕಲೆ ಇನ್ನೂ ಸಲೀಸಾಗಿ ಕೂರುತ್ತದೆ. ಶಾಂಪೂ ಅಷ್ಟು ಕ್ಷಾರವಲ್ಲ, ಆದರೆ ಕೂದಲು ನುಣುಪಾಗಲೆಂದು ಅನೇಕ ಶಾಂಪೂಗಳಿಗೆ ಸೇರಿಸುವ ಸಿಲಿಕೋನ್ ಗಾಜಿನ ಮೇಲೆ ಜಿಡ್ಡಿನ ಪರದೆ ಎಳೆಯುತ್ತದೆ. ರಾತ್ರಿ ಎದುರು ಲಾರಿಯ ದೀಪ ಬಿದ್ದಾಗ ಆ ಪರದೆ ಇಡೀ ಗಾಜನ್ನು ಬೆಳ್ಳಗೆ ಮಾಡಿಬಿಡುತ್ತದೆ.

ಹಾಗಾದರೆ ನೀರು ಚಿಮ್ಮಿಸುವುದೇ ಬೇಡ, ಬೆಳಗ್ಗೆ ಒಣಬಟ್ಟೆಯಿಂದ ಒರೆಸಿದರೆ ಸಾಕು ಎನ್ನುವವರಿಗೆ ಖಂಡಿತವಾಗಿ ಹಾಗೆ ಮಾಡಬೇಡಿ ಎನ್ನಬೇಕಾಗುತ್ತದೆ. ಈ ಸೀಮೆಯ ಧೂಳು ಬರೀ ಮಣ್ಣಲ್ಲ. ಜಲ್ಲಿ ಕ್ರಷರ್‌ಗಳಿಂದ, ಕಲ್ಲು ಹೊತ್ತ ಟಿಪ್ಪರ್‌ಗಳಿಂದ ಏಳುವ ಧೂಳಿನಲ್ಲಿ ಕಗ್ಗಲ್ಲಿನ ಸ್ಫಟಿಕದ ಪುಡಿ ಇರುತ್ತದೆ. ಗಡಸುತನದ ಮೊಹ್ಸ್ ಮಾಪಕದಲ್ಲಿ ಸ್ಫಟಿಕಕ್ಕೆ 7, ಗಾಜಿಗೆ ಐದೂವರೆ-ಆರು, ಕ್ಲಿಯರ್ ಕೋಟ್ ಅದಕ್ಕಿಂತ ಬಹಳ ಕೆಳಗೆ. ಆ ಪುಡಿಯ ಮೇಲೆ ಒಣ ಬಟ್ಟೆ ಎಳೆದರೆ ಬಣ್ಣದ ಮೇಲೆ ಜೇಡರಬಲೆಯಂಥ ಗೀರು ಬೀಳುತ್ತದೆ, ಒಣ ವೈಪರ್ ಓಡಿಸಿದರೆ ಗಾಜಿನ ಮೇಲೆ ಕಮಾನಿನಂಥ ಗೀರು. ಬಣ್ಣದ ಗೀರನ್ನಾದರೂ ಪಾಲಿಶ್ ಮಾಡಿ ತೆಗೆಯಬಹುದು, ಗಾಜಿನದು ಹೋಗುವುದು ಕಷ್ಟ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ರಾತ್ರಿ ಓಡಿಸುವವರಿಗೆ ತಿಳಿಯಾದ ಗಾಜು ಪ್ರಾಣದ ಪ್ರಶ್ನೆ. ಬಾನೆಟ್ಟಿನ ಹೊಳಪು ಉಳಿಸಲು ಅದನ್ನು ಬಿಟ್ಟುಕೊಡುವ ಲೆಕ್ಕ ಸರಿಯಲ್ಲ.

ಕೂತಿರುವ ಕಲೆ ಹೊಸದಾದರೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್ ಸಾಕು. ತಗಡು ತಣ್ಣಗಿರುವಾಗ, ನೆರಳಲ್ಲಿ, ಮೆತ್ತನೆ ಬಟ್ಟೆಯಲ್ಲಿ ಒಂದು ನಿಮಿಷ ಒತ್ತಿ ಹಿಡಿದು, ಒರೆಸಿ, ಒಳ್ಳೆಯ ನೀರಿನಿಂದ ತೊಳೆದುಬಿಡಬೇಕು. ಹುಳಿಗೆ ಸುಣ್ಣ ಕರಗುತ್ತದೆ, ಸಿಲಿಕಾ ಕರಗುವುದಿಲ್ಲ. ಗಾಜಿನ ಮೇಲಿನ ಹಳೆಯ ಕಲೆ ಎಷ್ಟು ವಿನೆಗರ್ ಹಾಕಿದರೂ ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಗುಳಿಬಿದ್ದ ಕಲೆಗೆ ಪಾಲಿಶ್ ಒಂದೇ ದಾರಿ. ಆದರೆ ಪ್ರತಿ ಪಾಲಿಶ್ ಕ್ಲಿಯರ್ ಕೋಟ್‌ನ ಕೆಲವು ಮೈಕ್ರಾನ್ ತೆಗೆಯುತ್ತದೆ, ಅಲ್ಲಿರುವುದೇ 40ರ ಆಸುಪಾಸು ಎಂಬುದು ನೆನಪಿರಲಿ.

ಟ್ಯಾಂಕಿಗೆ ಹಾಕಬೇಕಾದದ್ದು ಲವಣವಿಲ್ಲದ ನೀರು, ಅದಕ್ಕೆ ಬಾಟಲಿಯ ಮೇಲೆ ಬರೆದ ಅಳತೆಯಷ್ಟೇ ಲಿಕ್ವಿಡ್. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಆಗುತ್ತದೆ, ಎಸಿಯಿಂದ ತೊಟ್ಟಿಕ್ಕುವ ನೀರು ಆಗುತ್ತದೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಆಗುತ್ತದೆ. ಕೊಡ ನೀರಿಗೆ ಸಾಲು ನಿಲ್ಲುವ ಸೀಮೆಯಲ್ಲಿ ಕುಡಿಯುವ ನೀರನ್ನು ಕಾರಿಗೆ ಸುರಿಯುವುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ತೂಕವಿದೆ, ವಾರಗಟ್ಟಲೆ ಬರುವ ಎರಡು ಲೀಟರ್ ತಾನೇ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಒಳ್ಳೆಯ ಉತ್ತರ ಮಳೆನೀರು. ಅದು ಕಲ್ಲನ್ನು ಮುಟ್ಟಿರುವುದಿಲ್ಲ, ಆದ್ದರಿಂದ ಅದರಲ್ಲಿ ಸುಣ್ಣವೂ ಇಲ್ಲ, ಸಿಲಿಕಾವೂ ಇಲ್ಲ. ಹತ್ತಡಿ ಉದ್ದ ಹತ್ತಡಿ ಅಗಲದ ತಗಡಿನ ಶೀಟಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 90 ಲೀಟರಿಗೂ ಮೀರಿ ನೀರು ಇಳಿಯುತ್ತದೆ, ವರ್ಷವಿಡೀ ವೈಪರ್ ಟ್ಯಾಂಕಿಗೆ ಬೇಕಾಗುವುದು ಇದಕ್ಕಿಂತ ಕಡಿಮೆ. ಧೂಳು ಹೊತ್ತು ತರುವ ಮೊದಲ ಹತ್ತು ನಿಮಿಷದ ನೀರನ್ನು ಬಿಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಪಾಚಿ ಕಟ್ಟದಂತೆ ಮುಚ್ಚಳವಿರುವ ಕ್ಯಾನಿನಲ್ಲಿ ಕತ್ತಲಲ್ಲಿಟ್ಟರೆ ಆಗಸ್ಟಿನಿಂದ ಅಕ್ಟೋಬರ್ ತನಕ ಹಿಡಿದ ನೀರು ಬೇಸಿಗೆಗೂ ಬರುತ್ತದೆ.