ಬಲ್ಮಠದ ಗುಡ್ಡ, ಜೆಪ್ಪುವಿನ ಗುರುಮಠ

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳೆಯ ಮನೆಗಳ ಮಾಡಿನ ಮೇಲೆ ಇಂದಿಗೂ ಕಾಣುವುದು ಮಂಗಳೂರು ಹಂಚು. ಅದರ ಮೊದಲ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದವರು ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಬೋಧಕರು. ಮತಾಂತರದಿಂದಾಗಿ ಕುಲಕಸುಬನ್ನೂ ನೆಂಟರ ಆಸರೆಯನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಮಾಡಿಕೊಡುವುದು ಅವರ ಉದ್ದೇಶಗಳಲ್ಲಿ ಒಂದು. ಅದೇ ಜೆಪ್ಪುವಿನಲ್ಲಿ, 1879ರಲ್ಲಿ ಸ್ಥಾಪಿತವಾದ ನಮ್ಮ ಸಂತ ಜೋಸೆಫರ ಗುರುಮಠವಿದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬಲ್ಮಠದ ಗುಡ್ಡದ ಮೇಲೆ ಅವರ ಗುರುಮಠವಿದೆ. ಒಂದೇ ಊರಿನಲ್ಲಿ ಒಂದೇ ಪ್ರಭುವಿನ ಸೇವೆಗೆ ಯುವಕರನ್ನು ಅಣಿಗೊಳಿಸುವ ಈ ಎರಡು ಮನೆಗಳ ಪೈಕಿ ಎರಡನೆಯದರ ಕುರಿತು ನಮ್ಮ ಕುಟುಂಬಗಳಿಗೆ ತಿಳಿದಿರುವುದು ಬಹಳ ಕಡಿಮೆ.

ಬಾಸೆಲ್ ಮಿಶನ್ನಿನ ಮೊದಲ ಬೋಧಕರು ಮಂಗಳೂರು ತಲುಪಿದ್ದು 1834ರ ಅಕ್ಟೋಬರದಲ್ಲಿ. ಎರಡು ವರ್ಷಗಳ ನಂತರ ಬಂದ ಹರ್ಮನ್ ಮೋಗ್ಲಿಂಗ್ ಅವರು ಬಲ್ಮಠದಲ್ಲಿ ಹುಡುಗರನ್ನು ಇಟ್ಟುಕೊಂಡು ಕಲಿಸತೊಡಗಿದರು. 1847ರಲ್ಲಿ ಅದು ಉಪದೇಶಕರನ್ನು ತರಬೇತುಗೊಳಿಸುವ ಶಾಲೆಯಾಯಿತು. 1965ರಲ್ಲಿ ತುಮಕೂರಿನ ಕನ್ನಡ ಸೆಮಿನರಿಯೂ ಇದರೊಡನೆ ಸೇರಿ ಇಂದಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ರೂಪುಗೊಂಡಿತು. ಪದವಿ ಕೊಡುವ ಅಧಿಕಾರ ಮಾತ್ರ ದೂರದ ಬಂಗಾಳದ ಸೆರಾಂಪುರದ್ದು. 1827ರಲ್ಲಿ ಡೆನ್ಮಾರ್ಕಿನ ದೊರೆ ಕೊಟ್ಟ ಸನ್ನದಿನ ಬಲದಿಂದ ಅದು ಬಂದಿದೆ.

ಇವರನ್ನು ಆಂಗ್ಲಿಕನ್ನರೆನ್ನಬಹುದೇ? ಮೂಲದಲ್ಲಿ ಇವರು ಜರ್ಮನಿ, ಸ್ವಿಟ್ಜರ್ಲೆಂಡುಗಳ ಲೂಥರನ್ ಮತ್ತು ಸುಧಾರಿತ ಸಂಪ್ರದಾಯದವರು. ಆದರೆ 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರೇ ವಾರಗಳಲ್ಲಿ, ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಧಾರೆಗಳು ಮದ್ರಾಸಿನಲ್ಲಿ ಕೂಡಿ ದಕ್ಷಿಣ ಭಾರತ ಸಭೆಯಾದವು. ಬಾಸೆಲ್ ಮಿಶನ್ನಿನ ಸಭೆಗಳೂ ಕ್ರಮೇಣ ಅದನ್ನು ಸೇರಿಕೊಂಡವು. ಆ ಸಭೆ ಇಂದು ಜಗತ್ತಿನ ಆಂಗ್ಲಿಕನ್ ಬಳಗದ ಸದಸ್ಯ. ಕೂಡುವುದು ಎಷ್ಟು ಕಷ್ಟವೆಂದು ಕುಟುಂಬದಲ್ಲಿ ಆಸ್ತಿ ಪಾಲಾದುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಬಿಷಪರಿರುವವರೂ ಬಿಷಪರೇ ಬೇಡವೆಂದವರೂ ಒಂದಾದದ್ದು ಸಣ್ಣ ಮಾತಲ್ಲ.

ಮೋಗ್ಲಿಂಗ್ ಓದಿದ್ದು ಜರ್ಮನಿಯ ವಿಶ್ವವಿದ್ಯಾಲಯ ನಗರವಾದ ಟ್ಯೂಬಿಂಗೆನ್ನಿನಲ್ಲಿ. ತತ್ವಶಾಸ್ತ್ರದ ವಿದ್ಯಾರ್ಥಿಗಳಾಗಿದ್ದ ನಮಗೆ ಆ ಹೆಸರು ಹೆಗೆಲ್ ಅವರಿಂದ ಪರಿಚಿತ. ಅವರೂ ಅಲ್ಲಿನ ಪ್ರೊಟೆಸ್ಟಂಟ್ ಗುರುಮಠದ ವಿದ್ಯಾರ್ಥಿಯಾಗಿದ್ದವರು. ಕಥೋಲಿಕ ಮತ್ತು ಪ್ರೊಟೆಸ್ಟಂಟ್ ದೈವಶಾಸ್ತ್ರ ವಿಭಾಗಗಳೆರಡೂ 1817ರಿಂದ ಅಲ್ಲಿ ಜೊತೆಜೊತೆಗೆ ನಡೆದುಬಂದಿವೆ. ಮುಂದೆ ಹದಿನಾರನೆಯ ಬೆನೆಡಿಕ್ಟರಾದ ಪ್ರಾಧ್ಯಾಪಕ ರಾಟ್ಜಿಂಗರ್ 1966ರಿಂದ 1969ರವರೆಗೆ ಪಾಠ ಹೇಳಿದ್ದೂ ಅಲ್ಲಿಯೇ. ಆ ವಿಶ್ವವಿದ್ಯಾಲಯವು 1858ರಲ್ಲಿ ಮೋಗ್ಲಿಂಗ್ ಅವರಿಗೂ 1896ರಲ್ಲಿ ಕಿಟೆಲ್ ಅವರಿಗೂ ಗೌರವ ಡಾಕ್ಟರೇಟ್ ನೀಡಿತು. ಇಬ್ಬರಿಗೂ ಅದು ಸಂದದ್ದು ಕನ್ನಡದ ಕೆಲಸಕ್ಕಾಗಿ.

ಆ ಕೆಲಸ ಏನೆಂದು ತುಸು ನೋಡೋಣ. 1843ರ ಜುಲೈ 1ರಂದು ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ವಾಚಕರು ಈ ಅಂಕಣವನ್ನು ಪತ್ರಿಕೆಯೊಂದರಲ್ಲಿ ಓದುತ್ತಿರುವುದಕ್ಕೂ ಅದಕ್ಕೂ ದೂರದ ನಂಟಿದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಅಚ್ಚುಮಾಡಿದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಶಿವಭಕ್ತರ, ದಾಸರ, ಜೈನ ಕವಿಗಳ ಕೃತಿಗಳನ್ನು ಶ್ರದ್ಧೆಯಿಂದ ಓದದೆ ಅಂಥ ಗ್ರಂಥ ಸಾಧ್ಯವಿರಲಿಲ್ಲ. ಸುವಾರ್ತೆ ಸಾರಬಂದವರು ಮೊದಲು ಕೇಳಲು ಕುಳಿತರು.

ನಮ್ಮ ಕೊಂಕಣಿ ಮನೆಗಳಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಯೇಸುಸಭೆಯ ಇಟಾಲಿಯನ್ ಗುರು ಮಾಫೆಯಿ ಅವರ ಕೊಂಕಣಿ ವ್ಯಾಕರಣ 1882ರಲ್ಲಿ, ಇಂಗ್ಲಿಷ್-ಕೊಂಕಣಿ ನಿಘಂಟು 1883ರಲ್ಲಿ ಪ್ರಕಟವಾದವು. ಎರಡನ್ನೂ ಅಚ್ಚುಮಾಡಿದ್ದು ಅದೇ ಬಾಸೆಲ್ ಮಿಶನ್ ಮುದ್ರಣಾಲಯ! ಎರಡು ಸಭೆಗಳವರು ಪರಸ್ಪರರ ಬೋಧೆಯನ್ನು ತಪ್ಪೆಂದು ಸಾರುತ್ತಿದ್ದ ಕಾಲವದು. ಆದರೂ ಒಬ್ಬ ಕಥೋಲಿಕ ಗುರುವಿನ ಹಸ್ತಪ್ರತಿಯನ್ನು ಪ್ರೊಟೆಸ್ಟಂಟ್ ಮೊಳೆ ಜೋಡಿಸುವವರು ಅಕ್ಷರ ಅಕ್ಷರವಾಗಿ ಜೋಡಿಸಿದರು.

ನಮಗೂ ಅವರಿಗೂ ಪದಗಳೇ ಬೇರೆ. ನಾವು ಪ್ರಭು ಎಂದರೆ ಅವರು ಕರ್ತ ಎನ್ನುತ್ತಾರೆ. ನಮ್ಮ ಶುಭಸಂದೇಶ ಅವರಿಗೆ ಸುವಾರ್ತೆ; ನಮ್ಮ ಜ್ಞಾನಸ್ನಾನ ಅವರಿಗೆ ದೀಕ್ಷಾಸ್ನಾನ. ಭೇದವೆಲ್ಲ ಪದಗಳದ್ದೇ ಎಂದು ಹೇಳಿಬಿಡುವುದು ಪ್ರಾಮಾಣಿಕವಲ್ಲ. ಪರಮಪ್ರಸಾದ, ಗುರುದೀಕ್ಷೆ, ರೋಮಿನ ಜಗದ್ಗುರುಗಳ ಅಧಿಕಾರ ಇವುಗಳ ಬಗೆಗಿನ ಭಿನ್ನಾಭಿಪ್ರಾಯ ನಿಜವಾದುದು. ದಕ್ಷಿಣ ಭಾರತ ಸಭೆ ಮಹಿಳೆಯರಿಗೂ ಗುರುದೀಕ್ಷೆ ಕೊಡುತ್ತದೆ. ನಮ್ಮ ಧರ್ಮಸಭೆ ಕೊಡುವುದಿಲ್ಲ. ಆದರೆ 1964ರ ನವೆಂಬರ್ 21ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಈ ಜನರನ್ನು ಅಗಲಿದ ಸಹೋದರರೆಂದು ಕರೆದು ಗೌರವಿಸಿತು. ಲೂಥರನ್ನರೊಡನೆ ನಾಲ್ಕು ಶತಮಾನಕ್ಕೂ ಮಿಕ್ಕಿ ನಡೆದ ಮುಖ್ಯ ವಿವಾದ, ಮನುಷ್ಯನು ದೇವರ ದೃಷ್ಟಿಯಲ್ಲಿ ನೀತಿವಂತನಾಗುವುದು ಹೇಗೆಂಬುದು. ಅದರ ಮೂಲಭೂತ ಸತ್ಯಗಳಲ್ಲಿ 1999ರಲ್ಲಿ ಒಮ್ಮತವೇರ್ಪಟ್ಟಿತು. 2016ರಲ್ಲಿ ಆಂಗ್ಲಿಕನ್ನರೂ ಅದರ ಸಾರವನ್ನು ಸ್ವಾಗತಿಸಿದರು.

ಇದು ಪಂಡಿತರ ಚರ್ಚೆಯೆಂದು ಬದಿಗಿಡುವಂತಿಲ್ಲ. ಮಂಗಳೂರು, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಓದುವ, ದುಡಿಯುವ ನಮ್ಮ ಮಕ್ಕಳು ಆ ಸಭೆಯವರನ್ನು ಇಷ್ಟಪಟ್ಟು ವಿವಾಹದ ಮಾತೆತ್ತಿದಾಗ ತಾಯ್ತಂದೆಯರು ಎದೆಗುಂದಿ ಧರ್ಮಕೇಂದ್ರಕ್ಕೆ ಬರುತ್ತಾರೆ. "ಫಾದರ್, ಹುಡುಗನಿಗೆ ಮತ್ತೆ ಜ್ಞಾನಸ್ನಾನ ಕೊಡಿಸಬೇಕೇ?" ಎಂಬುದು ಅವರ ಮೊದಲ ಪ್ರಶ್ನೆ. ಬೇಡ. ನೀರಿನಿಂದ, ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ಅವರ ಸಭೆಯಲ್ಲಿ ಪಡೆದ ದೀಕ್ಷೆಯನ್ನು ನಮ್ಮ ಧರ್ಮಸಭೆ ಒಪ್ಪುತ್ತದೆ. ಅದನ್ನು ಎರಡನೆಯ ಬಾರಿ ಕೊಡುವಂತಿಲ್ಲ. ಇಂಥ ವಿವಾಹಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ತನ್ನಿಂದಾದುದನ್ನೆಲ್ಲ ಮಾಡುವೆನೆಂಬ ವಾಗ್ದಾನವನ್ನು ನಮ್ಮವರು ಕೊಡಬೇಕು. ಅದನ್ನು ಇನ್ನೊಂದು ಪಕ್ಷಕ್ಕೂ ಮುಂಚಿತವಾಗಿ ತಿಳಿಸಿರಬೇಕು. ಬಚ್ಚಿಟ್ಟು ಮದುವೆ ಮಾಡಿ ಆಮೇಲೆ ಜಗಳವಾಡುವುದಕ್ಕಿಂತ ಇದು ಮೇಲು. ಲಗ್ನಪತ್ರಿಕೆ ಅಚ್ಚಾದ ಮೇಲೆ ಬರಬೇಡಿರೆಂದು ನಮ್ಮ ವಿನಂತಿ.

ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ನಮ್ಮ ಕಡೆಯಿಂದಲೂ ಜನ ಹೋಗುವುದುಂಟು. ಬಲ್ಮಠ ಅಲ್ಲಿಗೆ ಸಮೀಪ. ಆ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಮುದ್ರಣಗಳನ್ನೂ ತಾಳೆಗರಿಗಳನ್ನೂ ಕಾಪಾಡಿದ್ದಾರೆ. ಮಳೆಗಾಲದ ತೇವಕ್ಕೆ, ಒರಲೆಗೆ ಹಳೆಯ ಕಾಗದ ಎಷ್ಟು ಬೇಗ ಬಲಿಯಾಗುತ್ತದೆಂದು ಮಲೆನಾಡಿನವರು ಬಲ್ಲರು. ನಮ್ಮ ಅಟ್ಟಗಳಲ್ಲಿ ಅಜ್ಜಂದಿರ ಕಾಲದ ಕೊಂಕಣಿ, ಕನ್ನಡ ಪ್ರಾರ್ಥನಾ ಪುಸ್ತಕಗಳಿದ್ದರೆ ಕೆಳಗಿಳಿಸಿ, ಬಿಸಿಲಿರುವ ದಿನ ನೋಡಿ ಒಮ್ಮೆ ಬಿಡಿಸಿಡಿ. ಅಚ್ಚಾದ ಊರು ಯಾವುದೆಂದು ಮೊದಲ ಪುಟದಲ್ಲಿ ಓದಿ ನಮಗೆ ತಿಳಿಸಿ.