ಪಂಚಾಯತಿ ವಾಹನಗಳಿಗೆ ಸಿಂಥೆಟಿಕ್ ಎಂಜಿನ್ ಆಯಿಲ್: ಬದಲಾಯಿಸುವ ಮುನ್ನ ಸದಸ್ಯರು ತಿಳಿಯಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿಯ ಕಸ ಸಂಗ್ರಹಣಾ ವಾಹನ ಒಂದು ವಾರ ಕೆಟ್ಟು ನಿಂತರೆ ಅದರ ಪರಿಣಾಮ ಊರಿನ ಪ್ರತಿ ಓಣಿಯಲ್ಲೂ ಕಾಣುತ್ತದೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ನಿಂತರೆ ಪರಿಣಾಮ ಇನ್ನೂ ತೀವ್ರವಾದುದು. ಅನೇಕ ಪಂಚಾಯತಿಗಳಲ್ಲಿ ಕಸದ ವಾಹನವನ್ನು ಸ್ವಸಹಾಯ ಸಂಘಗಳ ಮಹಿಳೆಯರೇ ಚಲಾಯಿಸುತ್ತಿದ್ದು, ವಾಹನದ ಸುಸ್ಥಿತಿಯೊಂದಿಗೆ ಅವರ ದುಡಿಮೆಯೂ ಬೆಸೆದುಕೊಂಡಿದೆ. ಎಂಜಿನ್ ಹಾಳಾಗುವುದಕ್ಕೆ ಇರುವ ಕಾರಣಗಳಲ್ಲಿ ಅತ್ಯಂತ ಸುಲಭವಾಗಿ ತಡೆಯಬಹುದಾದದ್ದು ಎಂಜಿನ್ ಆಯಿಲ್‌ನ ಬಗೆಗಿನ ನಿರ್ಲಕ್ಷ್ಯ.

ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ಮಿನರಲ್ ಆಯಿಲ್ ಬಿಟ್ಟು ಸಿಂಥೆಟಿಕ್ ಆಯಿಲ್ ಬಳಸಬೇಕೆಂಬ ಸಲಹೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿದೆ. ಅದರ ಬೆಲೆ ಹೆಚ್ಚು. ಆ ಹೆಚ್ಚುವರಿ ವೆಚ್ಚ ಯಾವ ವಾಹನಕ್ಕೆ ಸಾರ್ಥಕ, ಯಾವ ವಾಹನಕ್ಕೆ ವ್ಯರ್ಥ ಎಂಬುದನ್ನು ಕೆಂಭಾವಿ ಭಾಗದ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಸದಸ್ಯರ ಸ್ವಂತ ಕಾರು, ಜೀಪುಗಳಿಗೂ ಈ ವಿವರಣೆ ಅನ್ವಯಿಸುತ್ತದೆ.

ಎರಡೂ ಆಯಿಲ್‌ಗಳ ನಡುವಿನ ವ್ಯತ್ಯಾಸ

ಎಂಜಿನ್ ಆಯಿಲ್ ಬಿಡಿಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುತ್ತದೆ. ಪಿಸ್ಟನ್ ಮತ್ತು ಬೇರಿಂಗ್‌ಗಳ ಶಾಖವನ್ನು ಹೊತ್ತೊಯ್ಯುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಂಡು ಎಂಜಿನ್ನನ್ನು ಸ್ವಚ್ಛವಾಗಿಡುತ್ತದೆ. ಅದರ ಬಹುಪಾಲು ಮೂಲ ಎಣ್ಣೆ. ಉಳಿದದ್ದು ಸವೆತ, ತುಕ್ಕು, ನೊರೆಗಳನ್ನು ತಡೆಯುವ ರಾಸಾಯನಿಕಗಳ ಮಿಶ್ರಣ.

ಮಿನರಲ್ ಆಯಿಲ್‌ನ ಮೂಲ ಎಣ್ಣೆ ಕಚ್ಚಾ ತೈಲದ ಶುದ್ಧೀಕರಣದಿಂದ ದೊರೆಯುತ್ತದೆ. ಅದರಲ್ಲಿ ಬೇರೆ ಬೇರೆ ಗಾತ್ರದ ಅಣುಗಳು ಬೆರೆತಿರುತ್ತವೆ. ಸಿಂಥೆಟಿಕ್ ಆಯಿಲ್‌ನಲ್ಲಿ ಸಣ್ಣ ಅಣುಗಳನ್ನು ಜೋಡಿಸಿ ಅಥವಾ ಕಚ್ಚಾ ತೈಲದ ಅಂಶವನ್ನು ರಾಸಾಯನಿಕವಾಗಿ ಮರುರೂಪಿಸಿ ಹೆಚ್ಚುಕಡಿಮೆ ಒಂದೇ ಬಗೆಯ ಅಣುಗಳನ್ನು ಪಡೆಯಲಾಗುತ್ತದೆ. ಹೀಗಾಗಿ ಅದು ತೀವ್ರ ಶಾಖದಲ್ಲಿ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ಚಳಿಯಲ್ಲಿಯೂ ಸುಲಭವಾಗಿ ಹರಿಯುತ್ತದೆ.

ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ, ಅಂದರೆ ಎಪಿಐ, ಮೂಲ ಎಣ್ಣೆಗಳನ್ನು 5 ಗುಂಪುಗಳಾಗಿ ವಿಂಗಡಿಸಿದೆ. 1 ಮತ್ತು 2ನೇ ಗುಂಪುಗಳು ಮಿನರಲ್ ಎಂದು, 4 ಮತ್ತು 5ನೇ ಗುಂಪುಗಳು ಸಾಮಾನ್ಯವಾಗಿ ಸಿಂಥೆಟಿಕ್ ಎಂದು ಪರಿಗಣಿತವಾಗಿವೆ. ಕಚ್ಚಾ ತೈಲದಿಂದಲೇ ತಯಾರಾಗುವ 3ನೇ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಬಹುದೇ ಎಂಬ ವಿವಾದ ಅಮೆರಿಕದಲ್ಲಿ ಎರಡು ಕಂಪನಿಗಳ ನಡುವೆ ಉಂಟಾಗಿ, 1999ರಲ್ಲಿ ಜಾಹೀರಾತು ಪರಿಶೀಲನಾ ಮಂಡಳಿಯು ಮಾರಬಹುದೆಂಬ ನಿಲುವು ತಳೆಯಿತು. ಆದ್ದರಿಂದ ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿದ ‘ಸಿಂಥೆಟಿಕ್’ ಎಂಬ ಪದವೊಂದೇ ಗುಣಮಟ್ಟದ ಅಳತೆಯಲ್ಲ. ನೋಡಬೇಕಾದದ್ದು ಅದೇ ಡಬ್ಬಿಯ ಮೇಲೆ ಸಣ್ಣದಾಗಿ ಮುದ್ರಿಸಿದ ಎರಡು ಗುರುತುಗಳನ್ನು.

ಡಬ್ಬಿಯ ಮೇಲಿನ ಎರಡು ಗುರುತುಗಳು

ಮೊದಲನೆಯದು ದಪ್ಪದ ಶ್ರೇಣಿ. 15ಡಬ್ಲ್ಯೂ-40, 5ಡಬ್ಲ್ಯೂ-30 ಮುಂತಾದವು ಈ ಶ್ರೇಣಿಯ ಗುರುತುಗಳು. ‘ಡಬ್ಲ್ಯೂ’ ಅಕ್ಷರದ ಹಿಂದಿನ ಸಂಖ್ಯೆ ಚಳಿಯಲ್ಲಿ ಆಯಿಲ್ ಹೇಗೆ ವರ್ತಿಸುತ್ತದೆ ಎಂಬುದನ್ನೂ, ಮುಂದಿನ ಸಂಖ್ಯೆ ಎಂಜಿನ್ ಬಿಸಿಯಾದಾಗಿನ ದಪ್ಪವನ್ನೂ ಸೂಚಿಸುತ್ತದೆ. 15ಡಬ್ಲ್ಯೂ ಆಯಿಲ್ ಅನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ, 5ಡಬ್ಲ್ಯೂ ಆಯಿಲ್ ಅನ್ನು ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಪರೀಕ್ಷಿಸಲಾಗುತ್ತದೆ. ಯಾದಗಿರಿ ಜಿಲ್ಲೆಯ ಚಳಿಗಾಲ ಆ ಮಟ್ಟದ ಸಮೀಪಕ್ಕೂ ಹೋಗುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಸಿಂಥೆಟಿಕ್ ಆಯಿಲ್‌ನಿಂದ ಸಿಗುವ ಬಹುದೊಡ್ಡ ಲಾಭ ಇಲ್ಲಿ ಅಷ್ಟಾಗಿ ಸಿಗದು. ಇಲ್ಲಿ ಲೆಕ್ಕಕ್ಕೆ ಬರುವುದು ಶಾಖ. ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶವೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಭಾರ ಹೊತ್ತು ನಿಧಾನವಾಗಿ ಸಾಗುವ ವಾಹನದ ಎಂಜಿನ್‌ಗೆ ಸಾಕಷ್ಟು ಗಾಳಿಯೂ ದೊರೆಯುವುದಿಲ್ಲ. ಶಾಖ ಹೆಚ್ಚಾದಷ್ಟೂ ಆಯಿಲ್ ಬೇಗ ಕೆಡುತ್ತದೆ.

ಎರಡನೆಯದು ಕಾರ್ಯಕ್ಷಮತೆಯ ದರ್ಜೆ. ಎಪಿಐ ದರ್ಜೆಗಳಲ್ಲಿ ಡೀಸೆಲ್ ಎಂಜಿನ್‌ಗೆ ಸಿಐ-4, ಸಿಕೆ-4 ಮುಂತಾದವು, ಪೆಟ್ರೋಲ್ ಎಂಜಿನ್‌ಗೆ ಎಸ್ಎನ್, ಎಸ್‌ಪಿ ಮುಂತಾದವು ಇವೆ. ವಾಹನದ ಕೈಪಿಡಿಯಲ್ಲಿ ಈ ಎರಡೂ ಗುರುತುಗಳು ನಮೂದಾಗಿರುತ್ತವೆ. ಅವುಗಳಿಗೆ ಹೊಂದುವ ಮಿನರಲ್ ಆಯಿಲ್, ಹೊಂದದ ದುಬಾರಿ ಸಿಂಥೆಟಿಕ್ ಆಯಿಲ್‌ಗಿಂತ ಉತ್ತಮ.

ಯಾವ ವಾಹನಕ್ಕೆ ಅಗತ್ಯ, ಯಾವುದಕ್ಕೆ ಅಲ್ಲ

1. ಕೈಪಿಡಿಯೇ ಸಿಂಥೆಟಿಕ್ ಆಯಿಲ್ ಸೂಚಿಸಿದ್ದರೆ ಅದನ್ನೇ ಬಳಸಬೇಕು. ಉಳಿತಾಯದ ನೆಪದಲ್ಲಿ ಬೇರೆಯದನ್ನು ಹಾಕಬಾರದು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದ ಬಳಿಕ ಅನೇಕ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇದೆ. ಆಯಿಲ್ ಉರಿದಾಗ ಉಳಿಯುವ ಬೂದಿ ಈ ಫಿಲ್ಟರನ್ನು ಕಟ್ಟಿಸುವುದರಿಂದ ಅಂತಹ ವಾಹನಗಳಿಗೆ ಕಡಿಮೆ ಬೂದಿಯ ಆಯಿಲ್ ಕಡ್ಡಾಯ.

2. ಟರ್ಬೊ ಅಳವಡಿಸಿದ ಎಂಜಿನ್‌ನಲ್ಲಿ ಆಯಿಲ್ ಅತಿಯಾದ ಶಾಖಕ್ಕೆ ಸಿಲುಕುತ್ತದೆ. ಕೈಪಿಡಿಯಲ್ಲಿ ಎರಡಕ್ಕೂ ಅವಕಾಶವಿದ್ದರೆ ಇಲ್ಲಿ ಸಿಂಥೆಟಿಕ್ ಆಯ್ಕೆ ಸಮರ್ಥನೀಯ.

3. ಮಿನರಲ್ ಆಯಿಲ್ ಸಾಕೆಂದು ಕೈಪಿಡಿ ಹೇಳುವ ಹಳೆಯ, ಸರಳ ಎಂಜಿನ್‌ಗಳಿಗೆ ಸಿಂಥೆಟಿಕ್ ಆಯಿಲ್ ಹಾನಿ ಮಾಡದು. ಆದರೆ ವೆಚ್ಚಕ್ಕೆ ತಕ್ಕ ಲಾಭವೂ ಆಗದು.

4. ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಹಾಗೂ ಹೈಡ್ರಾಲಿಕ್ ಆಯಿಲ್ ಬೇರೆಯೇ ಆಗಿದ್ದು, ಎಂಜಿನ್ ಆಯಿಲ್‌ನ ಬದಲಿಗೆ ಅದನ್ನು ಬಳಸುವಂತಿಲ್ಲ. ಕಾರಿಗೆಂದು ತಂದ ಆಯಿಲ್ ಅನ್ನು ಮೋಟಾರ್ ಸೈಕಲ್‌ಗೂ ಹಾಕಬಾರದು. ಅದರಿಂದ ಕ್ಲಚ್ ಜಾರುವ ಸಂಭವವಿದೆ.

ಹಣದ ಲೆಕ್ಕ

ಸಿಂಥೆಟಿಕ್ ಆಯಿಲ್ ಹೆಚ್ಚು ಕಿಲೋಮೀಟರ್ ಬಾಳುತ್ತದೆ, ಆದ್ದರಿಂದ ಕೊನೆಗೆ ಅಗ್ಗವಾಗುತ್ತದೆ ಎಂಬುದು ಅದರ ಪರವಾದ ಮುಖ್ಯ ವಾದ. ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ ಒಂದು ಕಾಲ್ಪನಿಕ ಉದಾಹರಣೆ ಕೊಡಲಾಗಿದೆ. ಪಂಚಾಯತಿಗಳು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು.

ಎಂಜಿನ್‌ಗೆ 4 ಲೀಟರ್ ಆಯಿಲ್ ಬೇಕು, ಮಿನರಲ್ ಆಯಿಲ್ ಲೀಟರಿಗೆ 350 ರೂಪಾಯಿ, ಸಿಂಥೆಟಿಕ್ 700 ರೂಪಾಯಿ, ಫಿಲ್ಟರ್ 250 ರೂಪಾಯಿ ಎಂದಿಟ್ಟುಕೊಳ್ಳೋಣ. ಒಮ್ಮೆ ಬದಲಾಯಿಸಲು ಮಿನರಲ್‌ಗೆ 1,650 ರೂಪಾಯಿ, ಸಿಂಥೆಟಿಕ್‌ಗೆ 3,050 ರೂಪಾಯಿ ಆಗುತ್ತದೆ. ಮಿನರಲ್ 10,000 ಕಿ.ಮೀ., ಸಿಂಥೆಟಿಕ್ 20,000 ಕಿ.ಮೀ. ಬಾಳಿದರೆ ಸಿಂಥೆಟಿಕ್ ಆಯಿಲ್‌ನಿಂದ ಸ್ವಲ್ಪ ಉಳಿತಾಯವೇ ಆಗುತ್ತದೆ. ಹೆದ್ದಾರಿಯಲ್ಲಿ ದಿನವೂ ಓಡುವ ಕಾರಿಗೆ ಈ ಲೆಕ್ಕ ಸರಿಹೊಂದಬಹುದು.

ಆದರೆ ಕಸದ ವಾಹನ ದಿನಕ್ಕೆ 20 ಕಿ.ಮೀ.ನಂತೆ ವರ್ಷದ 300 ದಿನ ಓಡಿದರೂ ಆಗುವುದು 6,000 ಕಿ.ಮೀ. ಮಾತ್ರ. ಕೈಪಿಡಿಗಳು ಕಿಲೋಮೀಟರಿನ ಜೊತೆಗೆ ಅವಧಿಯ ಮಿತಿಯನ್ನೂ ವಿಧಿಸುತ್ತವೆ. ಸಾಮಾನ್ಯವಾಗಿ ಒಂದು ವರ್ಷ, ಯಾವುದು ಮೊದಲೋ ಅದು. ಅಂದರೆ ಎರಡು ಪಟ್ಟು ಬಾಳುವ ಆಯಿಲ್ ಹಾಕಿದರೂ ವರ್ಷದ ಕೊನೆಗೆ ಅದನ್ನು ಹೊರಚೆಲ್ಲಲೇಬೇಕು. ಹೆಚ್ಚುವರಿ 1,400 ರೂಪಾಯಿಗೆ ಪ್ರತಿಫಲವಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆ ಮನೆಯ ಮುಂದೆ ನಿಂತು ಸಾಗುವ ವಾಹನದಲ್ಲಿ ಚಕ್ರ ತಿರುಗದಿದ್ದರೂ ಎಂಜಿನ್ ಓಡುತ್ತಿರುತ್ತದೆ. ನಿಂತಲ್ಲೇ ಒಂದು ಗಂಟೆ ಓಡಿದ ಎಂಜಿನ್ ಸುಮಾರು 50 ಕಿ.ಮೀ. ಸಾಗಿದಷ್ಟು ದುಡಿದಿದೆ ಎಂದು ಲೆಕ್ಕ ಹಿಡಿಯುವ ತಯಾರಕರೂ ಇದ್ದಾರೆ. ದಿನಕ್ಕೆ ಒಂದು ಗಂಟೆ ಹೀಗೆ ಕಳೆದರೆ 300 ದಿನಕ್ಕೆ 15,000 ಕಿ.ಮೀ.ಗೆ ಸಮನಾಗುತ್ತದೆ. ಮೀಟರ್ 6,000 ತೋರಿಸುವಾಗ ಆಯಿಲ್ 21,000 ಕಿ.ಮೀ.ನಷ್ಟು ದಣಿದಿರುತ್ತದೆ. ಹೀಗಾಗಿ ಮಿನರಲ್ ಆಯಿಲ್‌ಗೆ ಅವಕಾಶವಿರುವ ಕಸದ ವಾಹನಕ್ಕೆ ವರ್ಷಕ್ಕೊಮ್ಮೆ ಸಿಂಥೆಟಿಕ್ ಹಾಕುವುದಕ್ಕಿಂತ, ಹೆಚ್ಚುಕಡಿಮೆ ಅದೇ ಹಣದಲ್ಲಿ ವರ್ಷಕ್ಕೆ ಎರಡು ಬಾರಿ ಮಿನರಲ್ ಆಯಿಲ್ ಬದಲಾಯಿಸುವುದು ವಿವೇಕದ ಕ್ರಮ. ಮೇಲಿನ ಉದಾಹರಣೆಯಲ್ಲಿ ಅದಕ್ಕೆ 3,300 ರೂಪಾಯಿ ತಗಲುತ್ತದೆ.

ಕೆಂಭಾವಿ ಭಾಗದ ಎರೆಮಣ್ಣಿನ ರಸ್ತೆಗಳ ಧೂಳನ್ನೂ ಮರೆಯಬಾರದು. ಏರ್ ಫಿಲ್ಟರ್ ಹರಿದಿದ್ದರೆ ಅಥವಾ ಸಡಿಲವಾಗಿದ್ದರೆ ಧೂಳು ಎಂಜಿನ್ ಒಳಹೊಕ್ಕು ಪಿಸ್ಟನ್ ರಿಂಗ್‌ಗಳನ್ನು ಉಜ್ಜಿ ಸವೆಸುತ್ತದೆ. ಎಷ್ಟೇ ಬೆಲೆಬಾಳುವ ಆಯಿಲ್ ಆದರೂ ಇದನ್ನು ತಡೆಯಲಾರದು.

ಬದಲಾವಣೆಯ ಕುರಿತ ತಪ್ಪು ಕಲ್ಪನೆಗಳು

ಒಮ್ಮೆ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲ್‌ಗೆ ಮರಳಲಾಗದು ಎಂಬುದು ಸರಿಯಲ್ಲ. ದರ್ಜೆ ಹೊಂದಿದ್ದರೆ ಮರಳಬಹುದು. ಎರಡೂ ಬೆರೆತರೆ ಎಂಜಿನ್ ಕೆಡುತ್ತದೆ ಎಂಬುದೂ ಸರಿಯಲ್ಲ. ಈಗಿನ ಎಂಜಿನ್ ಆಯಿಲ್‌ಗಳು ಪರಸ್ಪರ ಬೆರೆಯುವಂತೆಯೇ ತಯಾರಾಗುತ್ತವೆ. ದಾರಿಯಲ್ಲಿ ಆಯಿಲ್ ಕಡಿಮೆಯಾದಾಗ ಅದೇ ದರ್ಜೆಯ ಮಿನರಲ್ ಆಯಿಲ್ ಸೇರಿಸುವುದು, ಕಡಿಮೆ ಆಯಿಲ್‌ನಲ್ಲೇ ಓಡಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಹಾಗೆ ಬೆರೆಸಿದ ಬಳಿಕ ಮಿನರಲ್ ಆಯಿಲ್‌ನ ಅವಧಿಯನ್ನೇ ಪಾಲಿಸಬೇಕು.

ಸಿಂಥೆಟಿಕ್ ಹಾಕಿದರೆ ಸೋರಿಕೆ ಆರಂಭವಾಗುತ್ತದೆ ಎಂಬ ಮಾತಿನಲ್ಲಿ ಅಲ್ಪ ಸತ್ಯಾಂಶವಿದೆ. ಮೊದಮೊದಲ ಕೆಲವು ಸಿಂಥೆಟಿಕ್ ಆಯಿಲ್‌ಗಳು ರಬ್ಬರ್ ಸೀಲುಗಳಿಗೆ ಒಗ್ಗುತ್ತಿರಲಿಲ್ಲ; ಈಗ ಆ ತೊಂದರೆ ನಿವಾರಣೆಯಾಗಿದೆ. ಆದರೆ ಸವೆದ ಸೀಲಿನ ಸಂದನ್ನು ಹಳೆಯ ಜಿಡ್ಡೇ ಮುಚ್ಚಿದ್ದಲ್ಲಿ, ಹೊಸ ಆಯಿಲ್ ಅದನ್ನು ತೊಳೆದಾಗ ಸೋರಿಕೆ ಬಯಲಾಗಬಹುದು. ಆಗ ಬದಲಾಯಿಸಬೇಕಾದದ್ದು ಸೀಲನ್ನು.

ಡೀಸೆಲ್ ಎಂಜಿನ್‌ನ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾದರೆ ಕಳಪೆ ಎಂದು ತಿಳಿಯಬಾರದು. ಮಸಿಯನ್ನು ಹಿಡಿದಿಟ್ಟುಕೊಳ್ಳುವ ತನ್ನ ಕೆಲಸವನ್ನು ಅದು ಮಾಡುತ್ತಿದೆ ಎಂದರ್ಥ.

ಬದಲಾಯಿಸುವ ಕ್ರಮ

ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ಬೆಚ್ಚಗಾದ ಬಳಿಕ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಳೆಯ ಆಯಿಲ್ ಅನ್ನು ಪೂರ್ತಿ ಇಳಿಸಬೇಕು. ಆಯಿಲ್ ಫಿಲ್ಟರನ್ನು ತಪ್ಪದೆ ಬದಲಾಯಿಸಬೇಕು. ಕೈಪಿಡಿಯಲ್ಲಿ ಹೇಳಿದಷ್ಟೇ ಆಯಿಲ್ ತುಂಬಬೇಕು. ಹೆಚ್ಚಾದರೆ ನೊರೆಯೆದ್ದು ಹಾನಿಯಾಗುತ್ತದೆ. ಎಂಜಿನ್ ಓಡಿಸಿ, ನಿಲ್ಲಿಸಿ, ಕೆಲ ನಿಮಿಷದ ನಂತರ ಡಿಪ್‌ಸ್ಟಿಕ್‌ನಿಂದ ಮಟ್ಟ ನೋಡಬೇಕು. ಮೊದಲ ವಾರ ಪ್ರತಿದಿನ ಮಟ್ಟವನ್ನೂ ಸೋರಿಕೆಯನ್ನೂ ಗಮನಿಸಬೇಕು. ಹಿಂದಿನ ನಿರ್ವಹಣೆಯ ದಾಖಲೆಯಿಲ್ಲದ ಹಳೆಯ ವಾಹನದಲ್ಲಿ ಮೊದಲ ಬಾರಿ ಹಾಕಿದ ಆಯಿಲ್ ಅನ್ನು ಅರ್ಧ ಅವಧಿಗೇ ಬದಲಾಯಿಸುವುದು ಸೂಕ್ತ. ವಾರಂಟಿ ಇರುವ ವಾಹನದಲ್ಲಿ ಕೈಪಿಡಿಯ ಅವಧಿಯನ್ನು ಯಾವ ಕಾರಣಕ್ಕೂ ಮೀರಬಾರದು.

ಇಳಿಸಿದ ಹಳೆಯ ಆಯಿಲ್

ಹಳೆಯ ಆಯಿಲ್ ಅನ್ನು ಚರಂಡಿಗೆ ಸುರಿಯುವುದು, ಸೆಂಟ್ರಿಂಗ್ ಹಲಗೆಗೆ ಹಚ್ಚುವುದು, ಗೆದ್ದಲಿಗೆಂದು ಬಾಗಿಲಿಗೆ ಬಳಿಯುವುದು ರೂಢಿಯಲ್ಲಿದೆ. ಅದರಲ್ಲಿ ಸವೆದ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ. ನೆಲಕ್ಕೆ ಸುರಿದದ್ದು ಮಳೆಯೊಂದಿಗೆ ಹಳ್ಳ, ಕಾಲುವೆ, ಬಾವಿಗಳನ್ನು ಸೇರುತ್ತದೆ. ಕಸ ವಿಲೇವಾರಿಗೆಂದೇ ಇರುವ ವಾಹನವು ಊರಿನ ನೀರನ್ನು ಕೆಡಿಸುವಂತಾಗಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವಾಗಿದ್ದು, ಅಧಿಕೃತ ಸಂಗ್ರಾಹಕರು ಅಥವಾ ಮರುಬಳಕೆದಾರರಿಗೇ ಅದು ಸೇರಬೇಕು. 2023ರ ತಿದ್ದುಪಡಿಯ ಪ್ರಕಾರ ಅದರ ಮರುಬಳಕೆಯ ಹೊಣೆ 2024ರ ಏಪ್ರಿಲ್ 1ರಿಂದ ತಯಾರಕರ ಮೇಲೂ ಇದೆ. ನೀರು, ಸೀಮೆಎಣ್ಣೆ ಬೆರೆಯದಂತೆ ಮುಚ್ಚಳವಿರುವ ಕ್ಯಾನಿನಲ್ಲಿ ಸಂಗ್ರಹಿಸಿ ಹಸ್ತಾಂತರಿಸಬೇಕು.

ಸಾಮಾನ್ಯ ಸಭೆಯಲ್ಲಿ ಪರಿಶೀಲಿಸಬೇಕಾದ ಅಂಶಗಳು

1. ಪ್ರತಿ ವಾಹನದ ಕೈಪಿಡಿ ಕಚೇರಿಯಲ್ಲಿ ಇದೆಯೇ? ಅದರಲ್ಲಿ ಸೂಚಿಸಿದ ಆಯಿಲ್‌ನ ಶ್ರೇಣಿ ಮತ್ತು ದರ್ಜೆಯನ್ನು ವಾಹನದ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಬರೆಯಲಾಗಿದೆಯೇ?

2. ಖರೀದಿ ಬಿಲ್ಲಿನಲ್ಲಿ ಬರೀ ‘ಎಂಜಿನ್ ಆಯಿಲ್’ ಎಂದಿರದೆ ಶ್ರೇಣಿ, ದರ್ಜೆ, ಪ್ರಮಾಣ ನಮೂದಾಗಿವೆಯೇ?

3. ಬದಲಾಯಿಸಿದ ದಿನಾಂಕ, ಮೀಟರ್ ಸಂಖ್ಯೆ, ಮುಂದಿನ ದಿನಾಂಕ ದಾಖಲಾಗಿವೆಯೇ? ಫಿಲ್ಟರ್ ಬದಲಾಗಿದೆಯೇ?

4. ಹಳೆಯ ಆಯಿಲ್ ಯಾರಿಗೆ, ಎಷ್ಟು ಲೀಟರ್ ಹಸ್ತಾಂತರವಾಯಿತು?

5. ಆಯಿಲ್ ದೀಪ ಹೊತ್ತಿಕೊಂಡರೆ ಆ ಕ್ಷಣವೇ ಎಂಜಿನ್ ನಿಲ್ಲಿಸುವ ಅಧಿಕಾರ ಚಾಲಕಿಗೆ ಇದೆ ಎಂಬುದನ್ನು ಆಕೆಗೆ ಸ್ಪಷ್ಟವಾಗಿ ತಿಳಿಸಲಾಗಿದೆಯೇ? ಆ ದಿನದ ಕಸ ಉಳಿದರೆ ಮರುದಿನ ಎತ್ತಬಹುದು. ಆಯಿಲ್ ಇಲ್ಲದೆ ಓಡಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಳ್ಳುತ್ತದೆ.