ಎಂಸಿಬಿ ಇದೆಯಲ್ಲ, ಇನ್ನೇನು ಭಯ?

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ವರ್ಕ್‌ಶಾಪ್ ಒಂದಕ್ಕೆ ಇಂಟರ್ನ್‌ಶಿಪ್‌ಗೆ ಸೇರಿದೆ. ಗೇಟು, ಗ್ರಿಲ್ಲು ಮಾಡುವ ಜಾಗ. ಆರು ಜನ ಕೆಲಸಗಾರರು, ಒಬ್ಬರು ಸಾಹುಕಾರರು. ಹೊರಗೆ ಮಳೆ ಹಿಡಿದಿತ್ತು, ಶೆಡ್ಡಿನ ನೆಲವೆಲ್ಲ ಹಸಿ.

ಎರಡನೇ ದಿನ ಡ್ರಿಲ್ಲಿಂಗ್ ಮಷಿನ್ ಹತ್ತಿರ ಹೋದಾಗ ಅಲ್ಲಿದ್ದ ಕಾಕಾ, ‘ಚಪ್ಪಲಿ ಬಿಟ್ಟು ಇದನ್ನ ಮುಟ್ಟಬ್ಯಾಡ ತಮ್ಮಾ, ಸ್ವಲ್ಪ ಜುಮ್ ಅಂತೈತಿ’ ಎಂದರು. ಯಾವಾಗಿನಿಂದ ಎಂದು ಕೇಳಿದೆ. ‘ಯುಗಾದಿ ಆದಾಗಿಂದ’ ಅಂದು ಕೆಲಸ ಮುಂದುವರಿಸಿದರು.

ಎಲೆಕ್ಟ್ರಿಕಲ್ ಓದುವ ನನಗೆ ಎದೆ ಧಸಕ್ ಎಂದಿತು. ನೇರವಾಗಿ ಸಾಹುಕಾರರ ಬಳಿ ಹೋಗಿ ಕಾಕಾ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಕಾನೂನು, ನಿಯಮ ಎಂದು ಸ್ವಲ್ಪ ಭಾಷಣವನ್ನೂ ಮಾಡಿದೆ. ಅವರು ನಕ್ಕರು. ‘ಎಂಸಿಬಿ ಅದಾವಲ್ಲೋ ತಮ್ಮಾ. ಇಪ್ಪತ್ತು ವರ್ಷಾತು, ಒಬ್ಬರಿಗೂ ಏನೂ ಆಗಿಲ್ಲ.’ ಸಂಜೆ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು, ‘ನನ್ನ ಹೆಸರು ಯಾಕ ಹೇಳಿದಿ? ನೀ ತಿಂಗಳಿಗೆ ಹೋಗಾಂವ, ನಾ ಇಲ್ಲೇ ಇರಾಂವ’ ಎಂದು ಬೈದರು. ಒಳ್ಳೆಯದನ್ನು ಮಾಡಲು ಹೋಗಿ ಅವರಿಗೇ ತೊಂದರೆ ತಂದಿಟ್ಟಿದ್ದೆ.

ರಾತ್ರಿ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಸಾಹುಕಾರರು ಕೆಟ್ಟವರಲ್ಲ. ಕಾಕಾನ ಮಗಳ ಮದುವೆಗೆ ಕೇಳಿದಾಗ ದುಡ್ಡು ಕೊಟ್ಟವರು. ಎಂಸಿಬಿ ಎಲ್ಲರನ್ನೂ ಕಾಯುತ್ತದೆ ಎಂದೇ ಅವರು ನಂಬಿದ್ದಾರೆ. ಆ ನಂಬಿಕೆಯನ್ನು ಮುಟ್ಟದೆ ನಾನು ಕಾನೂನು ಹೇಳುತ್ತಿದ್ದೆ.

ಮರುದಿನ ಯಾರ ಹೆಸರನ್ನೂ ಎತ್ತದೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ. ನಮ್ಮ ಲೈನಿನ ಎಂಸಿಬಿ 16 ಆಂಪಿಯರ್‌ನದು. ಒದ್ದೆ ಮೈಯ ಮನುಷ್ಯನನ್ನು ಸುಮಾರು 1,000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಅವನೊಳಗೆ ಹರಿಯುವುದು 0.23 ಆಂಪಿಯರ್. ಹೃದಯದ ಬಡಿತ ಕೆಡಿಸಲು 0.1 ಆಂಪಿಯರ್ ಸಾಕು. ಆದರೆ 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಅದು ಬೀಳುವುದೇ ಇಲ್ಲ. ‘ಎಂಸಿಬಿ ವೈರ್ ಸುಡದಂತೆ ನೋಡಿಕೊಳ್ಳುತ್ತೆ ಸರ್. ಮನುಷ್ಯನನ್ನು ಅಲ್ಲ’ ಎಂದೆ.

ಸಾಹುಕಾರರು ಉತ್ತರ ಕೊಡಲಿಲ್ಲ. ನಾನು ಮಲ್ಟಿಮೀಟರಿನ ಒಂದು ತುದಿಯನ್ನು ಡ್ರಿಲ್ಲಿಂಗ್ ಮಷಿನ್ನಿನ ಮೈಗೆ, ಇನ್ನೊಂದನ್ನು ಬೋರ್‌ವೆಲ್‌ನ ಕಬ್ಬಿಣದ ಪೈಪಿಗೆ ಇಟ್ಟೆ. ಕನ್ನಡಕ ಹಾಕಿಕೊಂಡು ಅವರೇ ಓದಿದರು: 110 ವೋಲ್ಟ್. ‘ಇದು ಸೊನ್ನಿ ಇರಬೇಕಲ್ಲೋ?’ ಎಂದು ಕೇಳಿದರು. ಆ ಕ್ಷಣವೇ ಮಷಿನ್ ಬಂದ್ ಮಾಡಿಸಿ ಎಲೆಕ್ಟ್ರಿಷಿಯನ್‌ಗೆ ಫೋನ್ ಹಚ್ಚಿದರು.

ಅರ್ಥಿಂಗ್ ಗುಂಡಿ ಹುಡುಕಲು ಅರ್ಧ ಗಂಟೆ ಬೇಕಾಯಿತು. ಗುಜರಿ ರಾಶಿಯ ಕೆಳಗೆ ಮುಚ್ಚಿಹೋಗಿತ್ತು. ಅದಕ್ಕೆ ಹೋಗುವ ಪಟ್ಟಿ ತುಕ್ಕು ಹಿಡಿದು ತುಂಡಾಗಿತ್ತು. ಅದನ್ನು ಸರಿಪಡಿಸಿ, ಡ್ರಿಲ್ಲು, ಗ್ರೈಂಡರ್‌ಗಳ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರು. ಹೋದ ಕರೆಂಟು ಪೂರ್ತಿ ಮರಳಿ ಬರದೆ ಎಲ್ಲೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಪ್ಲೈ ಕಡಿದುಹಾಕುವ ಸಾಧನ ಅದು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಡ್ರಿಲ್ ಚಾಲೂ ಮಾಡಿದ ಕೂಡಲೇ ಆರ್‌ಸಿಸಿಬಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಮೂರನೇ ಸಲ ಸಾಹುಕಾರರ ತಾಳ್ಮೆ ತಪ್ಪಿತು. ‘ಇವತ್ತ ಆರ್ಡರ್ ಕೊಡಬೇಕು. ಅದನ್ನ ತಗದು ಡೈರೆಕ್ಟ್ ಮಾಡ್ರಿ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಮುಂದೆ ಬಂದರು. ‘ಸಾವ್ಕಾರ್ರ, ಯುಗಾದಿಯಿಂದ ನನಗ ಗೊತ್ತಾಗತಿದ್ದದ್ದು ಈಗ ಅದಕ್ಕೂ ಗೊತ್ತಾಗೇತಿ. ತಗೀಬ್ಯಾಡ್ರಿ.’

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸಾಹುಕಾರರೇ ‘ಮಷಿನ್ ಬಿಚ್ಚಿ ನೋಡ್ರಿ’ ಎಂದರು. ಮೋಟಾರಿನ ಡಬ್ಬಿಯೊಳಗೆ ಹೋಗುವ ಕಡೆ ಕೇಬಲ್ಲಿನ ಹೊದಿಕೆ ಸವೆದು ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು. ಒಂದೂವರೆ ಮೀಟರ್ ಕೇಬಲ್ ಬದಲಾಯಿಸಿದ ಮೇಲೆ ಆರ್‌ಸಿಸಿಬಿ ಬೀಳಲಿಲ್ಲ. ಮೀಟರಿನಲ್ಲಿ ಸೊನ್ನೆ. ಆರ್ಡರ್ ಒಂದು ದಿನ ತಡವಾಯಿತು, ಅಷ್ಟೇ.

ಈಗ ಪ್ರತಿ ತಿಂಗಳ ಮೊದಲ ದಿನ ಸಾಹುಕಾರರು ತಾವೇ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುತ್ತಾರಂತೆ. ಗುಂಡಿಯ ಮೇಲೆ ಗುಜರಿ ಹಾಕಿದವರಿಗೆ ಬೈಗುಳವೂ ಉಂಟಂತೆ. ಮೊನ್ನೆ ಫೋನಿನಲ್ಲಿ ಕಾಕಾ ಹೇಳಿದರು.

ಇಂಟರ್ನ್‌ಶಿಪ್‌ಗೆ ಹೋಗುವ ಗೆಳೆಯರೇ, ಮಷಿನ್ ಬಗ್ಗೆ ಮೊದಲು ಅದರ ಮುಂದೆ ನಿಲ್ಲುವವರನ್ನು ಕೇಳಿ. ‘ಸ್ವಲ್ಪ ಜುಮ್ ಅಂತೈತಿ’ ಎಂಬ ಮಾತನ್ನು ಹಗುರವಾಗಿ ಬಿಡಬೇಡಿ. ಆದರೆ ಅದನ್ನು ಮೇಲಿನವರಿಗೆ ಹೇಳುವಾಗ ಅವರ ಹೆಸರು ಮಾತ್ರ ಎತ್ತಬೇಡಿ.